ಗಡಿ ನಡೆದವನ ಹೆಸರು ಪಹಣಿಯಲ್ಲಿಲ್ಲ

ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲ್ ಎಂಬ ಹೆಸರು 2016ರವರೆಗೆ ಸುತ್ತಮುತ್ತಲ ಹಳ್ಳಿಯವರನ್ನು ಬಿಟ್ಟರೆ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಆ ವರ್ಷದ ಜನವರಿ 3ರಂದು ಪ್ರಧಾನಮಂತ್ರಿಗಳು ಅಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. 2023ರ ಫೆಬ್ರವರಿ 6ರಂದು ಅವರೇ ಬಂದು ಉದ್ಘಾಟಿಸಿದರು. 615 ಎಕರೆ. ಅಭಿವೃದ್ಧಿ ಬಂತು ಅಂತ ಎಲ್ಲರೂ ಹೇಳಿದರು. ನಾವು ಇಲ್ಲಿ ಹೆಲಿಕಾಪ್ಟರಿನ ಮಾತಾಡಲು ಹೊರಟಿಲ್ಲ. ಆ ಹೆಸರಿನ ಕೊನೆಗಿರುವ 'ಕಾವಲ್' ಎಂಬ ಪದದ ಮಾತಾಡಬೇಕಾಗಿದೆ.

ಕಾವಲ್ ಅಂದರೆ ಕಾಯ್ದಿಟ್ಟ ಹುಲ್ಲುಗಾವಲು. ಯಾರಿಗಾಗಿ ಕಾಯ್ದದ್ದು? 1673ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗೆ 'ಬೆಣ್ಣೆ ಚಾವಡಿ' ಎಂಬ ಇಲಾಖೆ ಇತ್ತು. ಟಿಪ್ಪು ಅದಕ್ಕೆ 'ಅಮೃತ ಮಹಲ್' ಅಂತ ಹೆಸರಿಟ್ಟ. ಆ ಎತ್ತುಗಳು ದಂಡಿನ ಫಿರಂಗಿ ಎಳೆದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ದನಗಳು ಇಂಗ್ಲಿಷರ ದಂಡಿನ ಪಾಲಾದವು. ಒಡೆಯರು ಬದಲಾದರು. ಮೈಸೂರು ಸೀಮೆಯ ಕಾವಲುಗಳು ಮಾತ್ರ ಪುಸ್ತಕದಲ್ಲಿ 'ಸರ್ಕಾರದ್ದು' ಎಂದೇ ಉಳಿದವು. ಅವುಗಳ ಅಂಚಿನಲ್ಲಿ ಸೌದೆ ಆಯ್ದವರು, ಹುಲ್ಲು ಕೊಯ್ದವರು, ಕಲ್ಲು ಕಿತ್ತು ತುಂಡು ನೆಲ ಹಸನು ಮಾಡಿ ರಾಗಿ ಚೆಲ್ಲಿದವರು ಇದ್ದೇ ಇದ್ದರು. ಇವರಿಗೆಲ್ಲ ಪುಸ್ತಕ ಇಟ್ಟ ಹೆಸರು ಒಂದೇ: ಒತ್ತುವರಿದಾರರು.

ಈಗ ಆ ಪುಸ್ತಕಗಳೆಲ್ಲ ಕಂಪ್ಯೂಟರಿಗೆ ಹೋಗಿವೆ. ಪಹಣಿ, ಜಾತಿ ಸರ್ಟಿಫಿಕೇಟು, ಪಡಿತರ, ಪಿಂಚಣಿ ಎಲ್ಲವೂ ಮಿಷನ್ನಿನ ಒಳಗಿವೆ. 'ಎಲ್ಲರನ್ನೂ ಒಳಗೊಂಡ ಅಭಿವೃದ್ಧಿ' ಎಂಬ ಮಾತು ಬೋರ್ಡಿನ ಮೇಲಿದೆ. ನಾವು ಕೇಳುವುದು ಸಣ್ಣ ಪ್ರಶ್ನೆ. ಕಂಪ್ಯೂಟರಿಗೆ ಹೋದದ್ದು ಏನು? ಕಾಗದದಲ್ಲಿ ಇದ್ದದ್ದು. ಕಾಗದಕ್ಕೆ ಏರಿದ್ದು ಏನು? ಬರೆಯುವವನು ಬೇಕೆಂದು ಬರೆದದ್ದು. ಹಾಗಾದರೆ ಬರೆದವರು ಯಾರು, ಬಿಟ್ಟುಹೋದವರು ಯಾರು? ಈ ಚರಿತ್ರೆ ಗೊತ್ತಿಲ್ಲದೆ ಮಿಷನ್ನನ್ನು ಹೊಗಳುವುದೂ ತಪ್ಪು, ಬೈಯುವುದೂ ತಪ್ಪು.

ಕಾಗದಕ್ಕಿಂತ ಮೊದಲು ಊರಿನ ಗಡಿ ಒಬ್ಬ ಮನುಷ್ಯನ ಕಾಲಿನಲ್ಲಿತ್ತು. ಆತ ಕುಳವಾಡಿ, ಹೊಲಗೇರಿಯವನು. ಮೈಸೂರು ಸೀಮೆಯಲ್ಲಿ ಅಧಿಕಾರಿಯಾಗಿದ್ದ ಮೆಕೆಂಜಿ ಎಂಬ ಇಂಗ್ಲಿಷಿನವನು 1870ರ ದಶಕದಲ್ಲಿ ಇದನ್ನು ಬರೆದಿಟ್ಟಿದ್ದಾನೆ. ಎರಡು ಊರುಗಳ ನಡುವೆ ಗಡಿ ತಕರಾರು ಬಂದರೆ ಕುಳವಾಡಿಯ ಸಾಕ್ಷಿಯೇ ಸಾಕ್ಷಿ. ಊರಿನ ಮಣ್ಣನ್ನು ಉಂಡೆ ಕಟ್ಟಿ, ನಡುವೆ ನೀರಿಟ್ಟು, ಅವನ ತಲೆಯ ಮೇಲೆ ಹೊರಿಸುತ್ತಿದ್ದರು. ಆತ ಗಡಿಯುದ್ದಕ್ಕೂ ನಡೆಯಬೇಕು. ಸರಿಯಾದ ಗೆರೆಯಲ್ಲಿ ನಡೆದರೆ ಉಂಡೆ ನಿಲ್ಲುತ್ತದೆ. ಗೆರೆ ದಾಟಿದರೆ ಉಂಡೆ ಒಡೆಯುತ್ತದೆ, ಹದಿನೈದು ದಿನದೊಳಗೆ ಆತ ಸಾಯುತ್ತಾನೆ, ಅವನ ಮನೆ ಹಾಳಾಗುತ್ತದೆ ಅಂತ ನಂಬಿಕೆ.

ಇದನ್ನು ಗೌರವ ಅಂತ ತಿಳಿದು ಹಿಗ್ಗಬೇಕಾಗಿಲ್ಲ. ಊರಿನ ನೆಲದ ಪೂರ್ತಿ ಅರಿವು ಅವನದು, ನೆಲ ಮಾತ್ರ ಇನ್ನೊಬ್ಬರದು. ತಪ್ಪಿದರೆ ಸಾಯಬೇಕಾದವನು ಅವನು, ಗೆದ್ದರೆ ಹೊಲ ಗೌಡನಿಗೆ. ಅಂದಿನ ಲೆಕ್ಕಾಚಾರ ಇಷ್ಟೇ.

ಅರಿವು ಕುಳವಾಡಿಯ ಕಾಲಿನಲ್ಲಿದ್ದರೆ ಬರವಣಿಗೆ ಶಾನುಭೋಗನ ಕೈಯಲ್ಲಿತ್ತು. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಮಡಿಚಿದ ಪುಸ್ತಕವೇ ಕಡತ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ಒರೆಸಿ ಮತ್ತೆ ಬರೆಯಬಹುದಾಗಿತ್ತು. ಇವತ್ತಿಗೂ ಆಫೀಸಿನ ಫೈಲಿಗೆ ನಾವು ಕಡತ ಎಂದೇ ಹೇಳುತ್ತೇವೆ. ಶಾನುಭೋಗಿಕೆ ತಂದೆಯಿಂದ ಮಗನಿಗೆ ಬರುವ ಹಕ್ಕು, ಹಳೇ ಮೈಸೂರಿನಲ್ಲಿ ಬಹುಮಟ್ಟಿಗೆ ಬ್ರಾಹ್ಮಣ ಮನೆತನಗಳದ್ದು. ಓದುಬರಹವನ್ನೇ ಮುಟ್ಟಗೊಡದ ಜಾತಿಗಳಿಗೆ ಆ ಕಡತದಲ್ಲಿ ತಮ್ಮ ಬಗ್ಗೆ ಏನು ಬರೆದಿದೆ ಅಂತ ತಿಳಿಯುವ ದಾರಿಯೇ ಇರಲಿಲ್ಲ.

1860ರ ದಶಕದಲ್ಲಿ ಮೈಸೂರಿನಲ್ಲಿ ಇಂಗ್ಲಿಷರ ಕಂದಾಯ ಸರ್ವೆ ಶುರುವಾಯಿತು. ಸರಪಳಿ ಬಂತು, ಸರ್ವೆ ನಂಬರು ಬಂತು, ಎಕರೆ ಗುಂಟೆ ಬಂತು. ಗಡಿ ತಿಳಿಯಲು ಇನ್ನು ಕುಳವಾಡಿಯ ತಲೆಯ ಮೇಲಿನ ಮಣ್ಣಿನ ಉಂಡೆ ಬೇಕಾಗಲಿಲ್ಲ. ನಂಬರಿನ ಮುಂದೆ ಕಂದಾಯ ಕಟ್ಟುವವನ ಹೆಸರು ಕುಳಿತಿತು. ನಮ್ಮವರಿಗೆ ಉಳಿದದ್ದು ತೋಟಿ, ತಳವಾರ, ನೀರುಗಂಟಿಯ ಚಾಕರಿ ಮತ್ತು ಆ ಚಾಕರಿಗೆ ಅಂಟಿದ ತುಂಡು ಇನಾಮು ಭೂಮಿ. ಚಾಕರಿ ಬಿಟ್ಟರೆ ಭೂಮಿ ಹೋಯಿತು. ಮಹಾರಾಷ್ಟ್ರದ ಮಹಾರರ ವತನ ಭೂಮಿಯ ಕತೆಯೂ ಇದೇ. ಆ ತುಂಡು ನೆಲವೇ ಜೀತದ ಹಗ್ಗ ಎಂದು ಕಂಡ ಬಾಬಾಸಾಹೇಬರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ವತನ ಕಾಯಿದೆಯ ತಿದ್ದುಪಡಿಗೆ ಮಸೂದೆ ತಂದರು.

ನಮ್ಮಲ್ಲಿ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯಿದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಪಟೇಲಿಕೆ, ಶಾನುಭೋಗಿಕೆ ಹೋದವು. ತೋಟಿ ತಳವಾರರಿಗೂ ಅವರ ಇನಾಮು ಭೂಮಿ ಮರುಮಂಜೂರಾಗಬೇಕಾಯಿತು. 1974ರ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು. ಆದರೆ ನಮ್ಮವರಲ್ಲಿ ಹೆಚ್ಚಿನವರು ಗೇಣಿದಾರರಲ್ಲ, ಕೂಲಿಗಳು, ಜೀತದಾಳುಗಳು. ಗೇಣಿ ಚೀಟಿಯೇ ಇಲ್ಲದವನು ಏನಂತ ಅರ್ಜಿ ಹಾಕೋದು?

ಸರ್ಕಾರ ಮಂಜೂರು ಮಾಡಿದ ದರಖಾಸ್ತು ಭೂಮಿಯೂ ಕೇರಿಯಲ್ಲಿ ನಿಲ್ಲಲಿಲ್ಲ. ಮದುವೆಗೆ, ಕಾಯಿಲೆಗೆ, ತಿಥಿಗೆ ಕೊಟ್ಟ ನೂರಿನ್ನೂರು ರೂಪಾಯಿ ಸಾಲಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಊರಿನವರು ನುಂಗಿದರು. ಇದನ್ನು ತಡೆಯಲು 1978ರ ಪಿಟಿಸಿಎಲ್ ಕಾಯಿದೆ ಬಂತು. ಪರಿಶಿಷ್ಟರಿಗೆ ಮಂಜೂರಾದ ಭೂಮಿಯನ್ನು ಷರತ್ತು ಮೀರಿ ಕೊಂಡರೆ ಆ ಕ್ರಯ ಅಸಿಂಧು, ಭೂಮಿ ಮೂಲ ಮಂಜೂರುದಾರನಿಗೆ ಅಥವಾ ಅವನ ವಾರಸುದಾರರಿಗೆ ವಾಪಸು. 2017ರಲ್ಲಿ ಸುಪ್ರೀಂ ಕೋರ್ಟು ಅರ್ಜಿಯನ್ನು 'ಸಮಂಜಸ ಕಾಲ'ದೊಳಗೆ ಹಾಕಿರಬೇಕು ಅಂತು. ತಡವಾಯಿತು ಅನ್ನುವ ಕಾರಣಕ್ಕೆ ಅರ್ಜಿಗಳು ಬಿದ್ದುಹೋದವು. ಹೋರಾಟದ ಒತ್ತಾಯದಿಂದ 2023ರಲ್ಲಿ ಕಾಯಿದೆಗೆ ತಿದ್ದುಪಡಿ ಬಂದು ಕಾಲಮಿತಿಯ ತೊಡಕು ತೆಗೆಯಲಾಯಿತು.

ಈ ನಡುವೆ 2000ದ ಸುಮಾರಿಗೆ 'ಭೂಮಿ' ಯೋಜನೆ ಬಂತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಕೈಬರಹದ ಪಹಣಿಗೆ ಬೆಲೆ ಇಲ್ಲವಾಯಿತು. 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಅಚ್ಚಾದ ಪಹಣಿ ಕೈಗೆ ಬರುತ್ತಿತ್ತು. ಇದು ಸಣ್ಣ ಮಾತಲ್ಲ, ಒಪ್ಪಿಕೊಳ್ಳಬೇಕು. ಸುಮಾರು 9 ಸಾವಿರ ಗ್ರಾಮಲೆಕ್ಕಿಗರ ಹೆಗಲ ಚೀಲದಲ್ಲಿ ಸೆರೆಯಾಗಿದ್ದ ದಾಖಲೆ ಹೊರಗೆ ಬಂತು. ಲೆಕ್ಕಿಗರ ಮನೆ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವುದು ತಪ್ಪಿತು.

ಆದರೆ ಮಿಷನ್ನಿಗೆ ಹಾಕಿದ್ದು ಆ ಹೊತ್ತಿನ ಪಹಣಿಯನ್ನು. ಅದರ ಒಂಬತ್ತನೇ ಕಾಲಮ್ಮಿನಲ್ಲಿ ಅಂದು ಯಾರ ಹೆಸರಿತ್ತೋ ಅವನೇ ಒಡೆಯ. ಆ ಹೆಸರು ಹೇಗೆ ಬಂತು, ಅದರ ಹಿಂದೆ ಯಾರ ಹೆಬ್ಬೆಟ್ಟಿತ್ತು ಅನ್ನುವುದು ರೆಕಾರ್ಡ್ ರೂಮಿನ ಹಳೇ ದರಖಾಸ್ತು ರಿಜಿಸ್ಟರಿನಲ್ಲಿ, ಗೆದ್ದಲು ತಿಂದ ಹಾಳೆಯಲ್ಲಿ ಉಳಿಯಿತು. ನುಂಗಿದವನ ಕಾಗದ ಕಂಪ್ಯೂಟರಿನಲ್ಲಿ ಶುಭ್ರವಾಯಿತು. ಕಳೆದುಕೊಂಡವನ ಕಾಗದ ಕತ್ತಲ ಕೋಣೆಯಲ್ಲಿ ಬಿತ್ತು. ಪಿಟಿಸಿಎಲ್ ಕೇಸು ಹಾಕಲು ಬೇಕಾದದ್ದು ಆ ಎರಡನೇ ಕಾಗದ.

ಬಗರ್‌ಹುಕುಂ ಸಾಗುವಳಿಯವರದ್ದು ಇನ್ನೊಂದು ಪಾಡು. 1991ರಲ್ಲಿ ನಮೂನೆ 50, 1998-99ರಲ್ಲಿ ನಮೂನೆ 53, 2018ರಲ್ಲಿ ನಮೂನೆ 57. ಅಪ್ಪ ಹಾಕಿದ ಅರ್ಜಿ, ಮಗ ಹಾಕಿದ ಅರ್ಜಿ, ಮೊಮ್ಮಗ ಹಾಕಿದ ಅರ್ಜಿ ಒಂದೇ ಟ್ರಂಕಿನಲ್ಲಿರುವ ಮನೆಗಳಿವೆ. ಈಚೆಗೆ ಈ ಅರ್ಜಿಗಳ ಪರಿಶೀಲನೆಗೆ ಉಪಗ್ರಹದ ಚಿತ್ರವನ್ನೂ ನೋಡುತ್ತಾರೆ. ಉತ್ತ ನೆಲ ಆಕಾಶದಿಂದ ಕಂಡೀತು. ಉತ್ತವನು ಯಾರು ಅನ್ನೋದು ಕಾಣುತ್ತದೆಯೇ? ಅದನ್ನು ಹೇಳಬೇಕಾದವರು ನೆಲದ ಮೇಲಿರುವ ನೆರೆಹೊರೆಯವರು. ಅವರನ್ನು ಕೇಳಬೇಕು.

ಇನ್ನು ಬೆರಳಿನ ವಿಷಯ. ಕರ್ನಾಟಕದಲ್ಲಿ ಆಧಾರ್ ಮೊದಲು ಬಂದದ್ದು 2010ರಲ್ಲಿ, ಮೈಸೂರು ಮತ್ತು ನಮ್ಮ ತುಮಕೂರು ಜಿಲ್ಲೆಗಳಿಗೆ. ಹದಿನೈದು ವರ್ಷದ ಮೇಲಾಯಿತು. ಒಂದು ಸಲ ಕೇರಿಯ ಅಜ್ಜಿಯೊಬ್ಬಳ ಜೊತೆ ನಾವು ಒಂದು ಕಡೆ ಹೋಗಿದ್ದೆವು. ಕಳೆ ಕಿತ್ತು, ಕಲ್ಲು ಹೊತ್ತು ಅವಳ ಬೆರಳ ಗೆರೆ ಸವೆದಿದೆ. ಮಿಷನ್ನಿನ ಹಿಂದಿದ್ದ ಹುಡುಗ ನಾಲ್ಕು ಸಲ ಒತ್ತಿಸಿ ಸೋತ. 'ಬೆರಳು ಬರ್ತಿಲ್ಲಜ್ಜಿ, ನಾಳೆ ಬಾ' ಅಂದ. ಅಜ್ಜಿ ತನ್ನ ಕೈಯನ್ನೇ ನೋಡಿಕೊಂಡು, 'ಬೆಳ್ಳು ಇಲ್ಲೇ ಐತಲ್ಲಪ್ಪ, ಎಲ್ಲಿಂದ ಬರಬೇಕು ಅದು?' ಅಂದಳು. ಹುಡುಗನದು ತಪ್ಪಲ್ಲ. ಆದರೆ ಆ ದಿನದ ಕೂಲಿ ಹೋದದ್ದು ಅಜ್ಜಿಯದು. ಹಿಂದೆ ಇದೇ ಹೆಬ್ಬೆಟ್ಟು ಒತ್ತಿಸಿಕೊಂಡು ಭೂಮಿ ಕಿತ್ತುಕೊಂಡರು. ಆಗ ಯಾರೂ ಬೆರಳು ಬರ್ತಿಲ್ಲ ಅನ್ನಲಿಲ್ಲ. ಬೆರಳು ಹೊಂದಲಿಲ್ಲ ಎಂಬ ಕಾರಣಕ್ಕೆ ಸವಲತ್ತು ನಿರಾಕರಿಸಬಾರದು ಎಂಬ ಮಾತು ಸುಪ್ರೀಂ ಕೋರ್ಟಿನ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲೇ ಇದೆ. ಆ ಮಾತು ಕೇರಿಗೆ ತಲುಪಬೇಕು.

ಗೆಳೆಯರೆ, ಕಂಪ್ಯೂಟರು ನಮ್ಮ ಶತ್ರುವಲ್ಲ. ಶಾನುಭೋಗರ ಕಡತವನ್ನು ನಮ್ಮ ತಾತಂದಿರು ಕಣ್ಣೆತ್ತಿ ನೋಡುವಂತಿರಲಿಲ್ಲ. ಇವತ್ತು ನಮ್ಮ ಹುಡುಗರ ಜೇಬಿನ ಫೋನಿನಲ್ಲಿ ಊರಿನ ಯಾವ ಸರ್ವೆ ನಂಬರಿನ ಪಹಣಿಯನ್ನಾದರೂ ನೋಡಬಹುದು. ಈ ಅವಕಾಶ ಸಿನಿಮಾ ನೋಡುವುದರಲ್ಲಿ ಕಳೆದುಹೋಗಬಾರದು.

ಹಳ್ಳಿಯ ಮೇಷ್ಟ್ರುಗಳಲ್ಲಿ, ಕಾಲೇಜು ವಿದ್ಯಾರ್ಥಿಗಳಲ್ಲಿ ನಮ್ಮದೊಂದು ಕೋರಿಕೆ. ಒಂದು ಭಾನುವಾರ ಕೇರಿಯ ಮರದಡಿ ಕೂತು ಪಹಣಿ ಗಟ್ಟಿಯಾಗಿ ಓದಿ. ಯಾವ ನಂಬರು, ಯಾರ ಹೆಸರು, ಉಳುತ್ತಿರುವವರು ಯಾರು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮುದುಕರನ್ನು ಕರೆದು ಯಾವ ಹೊಲ ಯಾರಿಗೆ ಮಂಜೂರಾಗಿತ್ತು ಕೇಳಿ. ಸತ್ತವರ ಹೆಸರಿನಲ್ಲೇ ಉಳಿದ ಪಹಣಿಗೆ ಪೌತಿ ಖಾತೆ ಅರ್ಜಿ ಬರೆದುಕೊಡಿ. 2024ರಿಂದ ತಾಲ್ಲೂಕು ಕಚೇರಿಗಳ ಹಳೇ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕೆಲಸ ನಡೆದಿದೆ. ದರಖಾಸ್ತು ರಿಜಿಸ್ಟರುಗಳನ್ನು, ತೋಟಿ ತಳವಾರರ ಇನಾಮು ಕಾಗದಗಳನ್ನು ಮೊದಲು ಸ್ಕ್ಯಾನ್ ಮಾಡಿ, ಊರೂರಿನಲ್ಲಿ ಓದಿ ಹೇಳಿ ಅಂತ ಬರವಣಿಗೆಯಲ್ಲಿ ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ.

ಕುಳವಾಡಿ ತಲೆಯ ಮೇಲೆ ಮಣ್ಣು ಹೊತ್ತು ಊರಿನ ಗಡಿ ಹೇಳಿದ. ಅವನ ಮೊಮ್ಮಕ್ಕಳಿಗೆ ಆ ಮಣ್ಣಿನಲ್ಲಿ ಎಷ್ಟು ಗುಂಟೆ ಬಂತು? ಮುಂದಿನ ಭಾನುವಾರ ಈ ಲೆಕ್ಕದಿಂದಲೇ ಶುರು ಮಾಡೋಣ.