ಪೀಣ್ಯದಲ್ಲಿ ತಯಾರಾದ ಕತ್ತರಿಗಳು

ಪೀಣ್ಯ ಎಂದೊಡನೆ ನಿಮ್ಮ ನೆನಪಿಗೆ ಬರುವುದು ಲೇತು, ಮಿಲ್ಲಿಂಗ್ ಯಂತ್ರಗಳ ಸದ್ದು. ಅದೇ ಕೈಗಾರಿಕಾ ಪ್ರದೇಶದಲ್ಲಿ ಬರಿಗಣ್ಣಿಗೆ ಕಾಣದ ಕತ್ತರಿಗಳೂ ತಯಾರಾದವು ಎಂದರೆ ನಂಬುತ್ತೀರಾ? ಅವು ಯಾಕೆ ಬೇಕಾದವೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1957ರಲ್ಲಿ ಲಂಡನ್ನಿನ ಪ್ರಯೋಗಾಲಯವೊಂದರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು ಕೋಳಿಮೊಟ್ಟೆಯೊಳಗಿನ ಪೊರೆಯ ಮೇಲೆ ಫ್ಲೂ ವೈರಸ್ಸಿನ ಪ್ರಯೋಗ ನಡೆಸಿದರು. ವೈರಸ್ಸು ಮುಟ್ಟಿದ ಜೀವಕೋಶ ಯಾವುದೋ ವಸ್ತುವನ್ನು ಹೊರಚೆಲ್ಲಿ ಬೇರೆ ಕೋಶಗಳನ್ನು ಎಚ್ಚರಿಸುತ್ತಿತ್ತು. ಅದಕ್ಕೆ ಇಂಟರ್‌ಫೆರಾನ್ ಎಂದು ಹೆಸರಿಟ್ಟರು. ರಕ್ಷಣಾ ವ್ಯವಸ್ಥೆಯಲ್ಲಿ ಹೀಗೆ ಕೋಶದಿಂದ ಕೋಶಕ್ಕೆ ಸುದ್ದಿ ಒಯ್ಯುವ ಪ್ರೋಟೀನುಗಳೇ ಸೈಟೊಕೈನ್‌ಗಳು.

ತೊಡಕು ಇಲ್ಲಿತ್ತು: ಕೋಳಿಯ ಇಂಟರ್‌ಫೆರಾನ್ ಮನುಷ್ಯನ ಕೋಶಕ್ಕೆ ಅರ್ಥವಾಗದ ಭಾಷೆ. ಮನುಷ್ಯನದೇ ಬೇಕು. ಫಿನ್‌ಲೆಂಡಿನ ಕಾರಿ ಕಾಂಟೆಲ್ ದಾನಿಗಳ ರಕ್ತದ ಬಿಳಿಕಣಗಳಿಂದ ಅದನ್ನು ಪಡೆಯುತ್ತಿದ್ದರು. ಸಾವಿರಾರು ಲೀಟರ್ ರಕ್ತಕ್ಕೆ ದಕ್ಕುತ್ತಿದ್ದುದು ಚಿಟಿಕೆಯಷ್ಟು, ಅದೂ ಶುದ್ಧವಲ್ಲ. ಅದರಲ್ಲಿ ಏನು ಕೆಲಸ ಮಾಡಿತು, ಇಂಟರ್‌ಫೆರಾನೋ ಕಲಬೆರಕೆಯೋ ಎಂದು ಹೇಳುವುದು ಹೇಗೆ?

ಆಗ ನೆರವಿಗೆ ಬಂದದ್ದು ಜೀನ್ ಬೆಸುಗೆಯ ವಿದ್ಯೆ. ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರವನ್ನು ಕತ್ತರಿಸಿ, ಮನುಷ್ಯನ ಜೀನಿನ ಪ್ರತಿಯನ್ನು ನಡುವೆ ಬೆಸೆದು, ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಬಿಟ್ಟರೆ ಆ ಸೂಕ್ಷ್ಮಜೀವಿಯೇ ಮನುಷ್ಯನ ಪ್ರೋಟೀನನ್ನು ತಯಾರಿಸಿಕೊಡುತ್ತದೆ. 1980ರಲ್ಲಿ ಜ್ಯೂರಿಕ್‌ನ ಚಾರ್ಲ್ಸ್ ವೈಸ್‌ಮನ್ ತಂಡ ಇಂಟರ್‌ಫೆರಾನನ್ನು ಹೀಗೆ ಪಡೆಯಿತು. 1986ರಲ್ಲಿ ಜಪಾನಿನ ಹಿರಾನೊ, ಕಿಶಿಮೊತೊ ಅವರ ತಂಡ ಇಂಟರ್‌ಲ್ಯೂಕಿನ್-6ರ ಜೀನನ್ನು ಬೇರ್ಪಡಿಸಿತು.

ಉಂಗುರವನ್ನು ಕತ್ತರಿಸುವ ಕತ್ತರಿ ಒಂದು ಕಿಣ್ವ. ಈಕೋ ಆರ್-1 ಎಂಬುದು ಡಿಎನ್‌ಎಯಲ್ಲಿ ಜಿ-ಎ-ಎ-ಟಿ-ಟಿ-ಸಿ ಎಂಬ ಅಕ್ಷರಸಾಲು ಕಂಡಲ್ಲಿ ಮಾತ್ರ ಕತ್ತರಿ ಹಾಕುತ್ತದೆ. ನಮ್ಮ ಪ್ರಯೋಗಾಲಯಗಳಿಗೆ ಇಂಥ ಕಿಣ್ವಗಳು ವಿದೇಶದಿಂದ, ಒಣಮಂಜಿನಲ್ಲಿ ಹೂತು ಬರಬೇಕಿತ್ತು. ಒಣಮಂಜಿಗೆ ಕಸ್ಟಮ್ಸ್ ಕಡತದ ನಡಿಗೆ ತಿಳಿಯದು. ಅದು ತನ್ನ ಪಾಡಿಗೆ ಆವಿಯಾಗುತ್ತದೆ. ಪೊಟ್ಟಣ ತಡವಾದರೆ ಕಿಣ್ವವೂ ಹೋಯಿತು, ವಿದೇಶಿ ವಿನಿಮಯವೂ ಹೋಯಿತು.

ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿಯಾಗಿದ್ದ ಪಿ. ಬಾಬು ಅವರು 1989ರಲ್ಲಿ ಆರಂಭಿಸಿದ ಬೆಂಗಳೂರು ಜೀನಿ ಸಂಸ್ಥೆಯ ಮಹತ್ವ ಇಲ್ಲಿದೆ. ಅದು ಪೀಣ್ಯದಲ್ಲೇ ಕತ್ತರಿ-ಕಿಣ್ವಗಳನ್ನೂ ತುಂಡುಗಳನ್ನು ಬೆಸೆಯುವ ಲೈಗೇಸನ್ನೂ ತಯಾರಿಸಿತು. ಕಾಲೇಜು ವಿದ್ಯಾರ್ಥಿಗಳು ಕೈಯಾರೆ ಪ್ರಯೋಗ ಮಾಡುವಂಥ ಕಿಟ್‌ಗಳನ್ನೂ ಮಾಡಿತು. ನನ್ನ ದೃಷ್ಟಿಯಲ್ಲಿ ಈ ಕಿಟ್‌ಗಳೇ ದೊಡ್ಡ ಕೆಲಸ. ಮುಂದೆ ಸಂಸ್ಥೆ ಮರ್ಕ್ ಕಂಪನಿಯ ಕೈಸೇರಿತು.

ಊರಿನ ಇನ್ನೊಂದು ತುದಿಯ ಬಯೋಕಾನ್ ಹೆಚ್ಚು ಪ್ರಸಿದ್ಧ. 1978ರಲ್ಲಿ ಪರಂಗಿಕಾಯಿಯ ಕಿಣ್ವದಿಂದ ಆರಂಭವಾದ ಅದು 2004ರಲ್ಲಿ ಯೀಸ್ಟಿನಿಂದ ಮಾನವ ಇನ್ಸುಲಿನ್ ತಯಾರಿಸಿ ಮಾರುಕಟ್ಟೆಗೆ ತಂದಿತು. ಇನ್ಸುಲಿನ್ ಸೈಟೊಕೈನ್ ಅಲ್ಲ, ಹಾರ್ಮೋನು. ವಿದ್ಯೆ ಮಾತ್ರ ಅದೇ.

ಔಷಧಿಯ ಸೀಸೆಯನ್ನು ಎಲ್ಲರೂ ಬಲ್ಲರು. ಸಂಶೋಧನೆಗಷ್ಟೇ ಮೀಸಲಾದ ಸೈಟೊಕೈನ್ ಸೀಸೆ ನಮ್ಮ ಕ್ಯಾಮೆರಾಕ್ಕೂ ಸವಾಲು: ತಳದಲ್ಲಿ ಒಣಗಿಸಿಟ್ಟ ಹತ್ತು ಮೈಕ್ರೋಗ್ರಾಂ, ನೋಡಿದರೆ ಖಾಲಿ! ನೀರಲ್ಲಿ ಕರಗಿಸಿದ ಮೇಲೆ ಮತ್ತೆ ಮತ್ತೆ ಹೆಪ್ಪುಗಟ್ಟಿಸಿ ಕರಗಿಸಿದರೆ ಅದು ಕೆಡುತ್ತದೆ. ಇ. ಕೋಲಿಯ ವಿಷಾಂಶ ಲವಲೇಶ ಉಳಿದಿದ್ದರೂ ರಕ್ತದ ಬಿಳಿಕಣಗಳು ಅದಕ್ಕೇ ಕೆರಳಿ, ಪ್ರಯೋಗ ತಪ್ಪು ಉತ್ತರ ಕೊಡುತ್ತದೆ.

2020ರ ಕೋವಿಡ್ ದಿನಗಳಲ್ಲಿ ಆಸ್ಪತ್ರೆಯವರು ಬರೆದುಕೊಟ್ಟ ‘ಐಎಲ್-6’ ಪರೀಕ್ಷೆ ನಿಮಗೆ ನೆನಪಿರಬಹುದು. ಅದು ಇದೇ ಇಂಟರ್‌ಲ್ಯೂಕಿನ್-6. ರಕ್ತದಲ್ಲಿ ಅದೆಷ್ಟಿದೆ ಎಂದು ತಿಳಿಯಲು, ಪ್ರಮಾಣ ಮೊದಲೇ ಗೊತ್ತಿರುವ, ಪ್ರಯೋಗಾಲಯದಲ್ಲಿ ತಯಾರಾದ ಐಎಲ್-6ನ್ನು ಅಳತೆಗೋಲಾಗಿ ಇಟ್ಟುಕೊಂಡು ಹೋಲಿಸುತ್ತಾರೆ. ಮನೆಯವರು ನಡುಗುವ ಕೈಯಲ್ಲಿ ಹಿಡಿದ ವರದಿಯ ಅಂಕಿ ಬಂದದ್ದು ಆ ಹೋಲಿಕೆಯಿಂದ.