ನಾಲ್ವರು ಅಧ್ಯಾಪಕರ ಪತ್ರ

ಸಭೆಯಲ್ಲಿ ನಿರ್ಣಯವೊಂದನ್ನು ಮಂಡಿಸಿದಾಗ ಯಾರೂ ಮಾತನಾಡದಿದ್ದರೆ 'ಮೌನಂ ಸಮ್ಮತಿ ಲಕ್ಷಣಂ' ಎಂದು ಮುಂದುವರಿಯುವುದು ನಮ್ಮ ಸಂಘಗಳಲ್ಲಿ ರೂಢಿ. ಅಲ್ಲಿ ನಿರುಪದ್ರವಿಯಾದ ಈ ಮಾತು ನ್ಯಾಯಾಲಯದಲ್ಲಿ ಎಷ್ಟು ಕ್ರೂರವಾಗಬಲ್ಲದೆಂಬುದನ್ನು ನಾಲ್ವರು ಕಾನೂನು ಅಧ್ಯಾಪಕರು 1979ರಲ್ಲಿ ತೋರಿಸಿಕೊಟ್ಟರು.

1972ರ ಮಾರ್ಚ್ 26ರ ರಾತ್ರಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಗೆ ಆಗ ಸೇರಿದ್ದ ದೇಸಾಯಿಗಂಜ್ ಠಾಣೆಗೆ ಹೇಳಿಕೆ ನೀಡಲು ಒಬ್ಬ ಆದಿವಾಸಿ ಹುಡುಗಿ ಬಂದಿದ್ದಳು. ಕೂಲಿ ಮಾಡಿ ಬದುಕುತ್ತಿದ್ದ ಆಕೆಯ ವಯಸ್ಸು 14ರಿಂದ 16ರೊಳಗೆ. ಜೊತೆಗೆ ಬಂದವರನ್ನು ಹೊರಗೆ ಕಳುಹಿಸಿ ಆಕೆಯನ್ನು ಒಳಗೇ ಉಳಿಸಿಕೊಳ್ಳಲಾಯಿತು. ಠಾಣೆಯಲ್ಲೇ ತನ್ನ ಮೇಲೆ ಅತ್ಯಾಚಾರವಾಯಿತೆಂದು ಆಕೆ ದೂರಿದಳು. ಇಬ್ಬರು ಪೊಲೀಸರು ಆರೋಪಿಗಳಾದರು. 1974ರಲ್ಲಿ ಸೆಷನ್ಸ್ ನ್ಯಾಯಾಲಯ ಅವರನ್ನು ಬಿಡುಗಡೆ ಮಾಡಿತು. 1976ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠವು, ಭಯದಿಂದ ಮಣಿಯುವುದು ಒಪ್ಪಿಗೆಯಲ್ಲವೆಂದು ಶಿಕ್ಷೆ ವಿಧಿಸಿತು. 1978ರ ಸೆಪ್ಟೆಂಬರ್ 15ರಂದು ಸುಪ್ರೀಂ ಕೋರ್ಟು ಮತ್ತೆ ಅವರನ್ನು ಬಿಡುಗಡೆ ಮಾಡಿತು. ಹುಡುಗಿಯ ಮೈಮೇಲೆ ಗಾಯದ ಗುರುತಿಲ್ಲ, ಆದ್ದರಿಂದ ಪ್ರತಿರೋಧದ ಮಾತು ನಂಬಲರ್ಹವಲ್ಲ ಎಂಬುದು ಅದರ ತರ್ಕ.

ಒಂದು ವರ್ಷದ ಬಳಿಕ, 1979ರ ಸೆಪ್ಟೆಂಬರ್ 16ರಂದು, ದೆಹಲಿ ವಿಶ್ವವಿದ್ಯಾಲಯದ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್ ಹಾಗೂ ಪುಣೆಯ ವಸುಧಾ ಧಾಗಮ್ವಾರ್ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಅವರ ಕೈಯಲ್ಲಿ ಹೊಸ ಸಾಕ್ಷ್ಯವೇನೂ ಇರಲಿಲ್ಲ. ಅವರು ಮಾಡಿದ್ದು ಎರಡೂ ತೀರ್ಪುಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವ ಕೆಲಸ. ಒಪ್ಪಿಗೆಯಲ್ಲಿ ಮಣಿಯುವಿಕೆ ಇರಬಹುದು, ಆದರೆ ಮಣಿದ ಮಾತ್ರಕ್ಕೆ ಒಪ್ಪಿಗೆ ಇತ್ತೆನ್ನಲಾಗದು ಎಂದು ಅವರು ವಿವರಿಸಿದರು. ಸಮವಸ್ತ್ರದವರ ನಡುವೆ ಠಾಣೆಯಲ್ಲಿ ಸಿಕ್ಕಿಬಿದ್ದ ಬಡ ಹುಡುಗಿ ಯಾರನ್ನು ಕೂಗಿ ಕರೆಯಬೇಕಿತ್ತು ಎಂಬುದು ಅವರ ಪ್ರಶ್ನೆಯ ತಿರುಳು. ಹೆಂಗಸರನ್ನು ಠಾಣೆಗೆ ಕರೆಸುವುದನ್ನು ಅದೇ ನ್ಯಾಯಾಲಯ ಅದೇ 1978ರಲ್ಲಿ ಬೇರೊಂದು ಮೊಕದ್ದಮೆಯಲ್ಲಿ ಖಂಡಿಸಿತ್ತು. ಈ ತೀರ್ಪಿನಲ್ಲಿ ಆ ಬಗ್ಗೆ ಸೊಲ್ಲೇ ಇಲ್ಲವೆಂಬುದನ್ನೂ ಅವರು ಎತ್ತಿ ತೋರಿಸಿದರು.

ಪತ್ರ ಗ್ರಂಥಾಲಯದ ಕಪಾಟಿನಲ್ಲಿ ಉಳಿಯಲಿಲ್ಲ. 1980ರ ಮಾರ್ಚ್ 8ರಂದು ದೆಹಲಿ, ಮುಂಬೈ ಸೇರಿದಂತೆ ಹಲವು ನಗರಗಳಲ್ಲಿ ಮಹಿಳೆಯರು ಬೀದಿಗಿಳಿದರು. ಅದೇ ವರ್ಷ ಕಾನೂನು ಆಯೋಗ ತನ್ನ 84ನೆಯ ವರದಿ ಸಲ್ಲಿಸಿತು. 1983ರ ತಿದ್ದುಪಡಿಯು ಸಾಕ್ಷ್ಯ ಅಧಿನಿಯಮಕ್ಕೆ 114ಎ ಕಲಮನ್ನು ಸೇರಿಸಿತು: ಪೊಲೀಸರ ವಶದಲ್ಲಿ ನಡೆದಂಥ ಪ್ರಕರಣಗಳಲ್ಲಿ ಸಂಭೋಗ ಸಾಬೀತಾಗಿ, ತಾನು ಒಪ್ಪಿರಲಿಲ್ಲವೆಂದು ಮಹಿಳೆ ನ್ಯಾಯಾಲಯದಲ್ಲಿ ಹೇಳಿದರೆ, ಆಕೆಯ ಮಾತು ನಿಜವೆಂದೇ ಭಾವಿಸಬೇಕು. ದೈಹಿಕವಾಗಿ ಪ್ರತಿರೋಧಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಒಪ್ಪಿಗೆಯಿತ್ತೆಂದು ತಿಳಿಯಬಾರದೆಂಬ ಮಾತು ಶಾಸನದ ಒಳಗೇ ಬರಲು 2013ರವರೆಗೆ ಕಾಯಬೇಕಾಯಿತು.

ಕಾನೂನಿನ ಸಂಶೋಧನೆಯೆಂದರೆ ಅಡಿಟಿಪ್ಪಣಿಗಳ ಒಣ ವ್ಯವಹಾರವೆಂದು ನಮ್ಮಲ್ಲಿ ಅನೇಕರು ಭಾವಿಸುತ್ತೇವೆ. ಸರ್ಕಾರಿ ಕಡತಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ, ಒಂದು ಪದದ ಅರ್ಥಕ್ಕಾಗಿ ಹೂಡಿದ ಈ ವಾದ ಬೇರೆಯದನ್ನೇ ಕಲಿಸುತ್ತದೆ. ಆಡಳಿತದ ಭಾಷೆಯಲ್ಲಿ 'ಆಕ್ಷೇಪಣೆ ಬಂದಿಲ್ಲ' ಎಂದು ಬರೆಯುವುದು ಸುಲಭ. ಆಕ್ಷೇಪಿಸುವ ಶಕ್ತಿ ಎದುರಿನವರಿಗೆ ಇತ್ತೇ ಎಂದು ಕೇಳುವುದು ಕಷ್ಟ.

ಕಾಯ್ದೆ ಬದಲಾದರೂ 1978ರ ತೀರ್ಪು ಬದಲಾಗಲಿಲ್ಲ. ಸಂತ್ರಸ್ತೆಯ ಹೆಸರು ಪ್ರಕಟಿಸುವುದನ್ನು 1983ರ ತಿದ್ದುಪಡಿಯೇ ಅಪರಾಧವಾಗಿಸಿತು. ಅಷ್ಟರಲ್ಲಿ ಆ ಹುಡುಗಿಯ ಹೆಸರು ದೇಶಕ್ಕೆಲ್ಲ ತಿಳಿದುಹೋಗಿತ್ತು. ಪಠ್ಯಗಳು ಇಂದಿಗೂ ಆ ಮೊಕದ್ದಮೆಯನ್ನು ಆಕೆಯ ಹೆಸರಿನಿಂದಲೇ ಕರೆಯುತ್ತವೆ. ನಾವು ಅದನ್ನು ಇಲ್ಲಿ ಬರೆದಿಲ್ಲ.