ತೊಟ್ಟಿಯೊಳಗಣ ಹಸುರು

ಮೈಸೂರಿನ ಮನೆಗಳ ನಡುಮನೆಯಲ್ಲಿ ಮೀನಿನ ತೊಟ್ಟಿ ಇಂದು ಅಪರೂಪದ ವಸ್ತುವೇನೂ ಅಲ್ಲ. ಆದರೆ ಅವುಗಳಲ್ಲಿ ಎಷ್ಟೋ ತೊಟ್ಟಿಗಳ ಗಿಡ ಪ್ಲಾಸ್ಟಿಕ್ಕಿನದು. ಜೀವಂತ ಸಸ್ಯವನ್ನು ನೀರೊಳಗೆ ಬೆಳೆಸುವುದು ಪರಿಣತರ ಕೆಲಸ, ಖರ್ಚಿನ ಬಾಬ್ತು, ನಿತ್ಯದ ಉಪದ್ರವ ಎಂಬ ಭಾವನೆ ಗೃಹಸ್ಥರ ಮನಸ್ಸಿನಲ್ಲಿ ಬೇರೂರಿದೆ. ಈ ಹವ್ಯಾಸದ ಚರಿತ್ರೆಯನ್ನು ಆದಿಯಿಂದ ಅವಲೋಕಿಸಿದವರಿಗಾದರೋ ಇದರೊಳಗಿನ ವಿಪರ್ಯಾಸ ಗೋಚರವಾಗದಿರದು. ಗಾಜಿನ ತೊಟ್ಟಿ ಗೃಹಾಲಂಕಾರವಾಗುವುದಕ್ಕೆ ಮುಂಚೆ ರಸಾಯನಶಾಸ್ತ್ರದ ಒಂದು ಪ್ರಯೋಗವಾಗಿತ್ತು; ಆ ಪ್ರಯೋಗದ ನಾಯಕ ಮೀನಲ್ಲ, ನಮ್ಮ ನಾಡಿನ ಕೆರೆಗಳಲ್ಲಿಯೂ ಯಾರ ಆರೈಕೆಯನ್ನೂ ಬೇಡದೆ ಬೆಳೆಯುವ ಒಂದು ನೀರುಹುಲ್ಲು.

ಮೀನುಗಳ ಜಾತಿಭೇದವನ್ನೂ ಅವುಗಳ ಆಹಾರವನ್ನೂ ಬಲ್ಲ ವಿದ್ಯೆ ಕನ್ನಡನಾಡಿಗೆ ಹೊಸತಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಪ್ರಕರಣವುಂಟು. ಆದರೆ ಮೀನಿಗೂ ಜಲಸಸ್ಯಕ್ಕೂ ನಡುವೆ ಇರುವ ಕೊಡುಕೊಳೆಯ ರಹಸ್ಯ ಬಯಲಾಗಬೇಕಾದರೆ ವಾಯುಗಳ ಸ್ವರೂಪವನ್ನರಿಯುವ ಶಾಸ್ತ್ರ ಹುಟ್ಟಬೇಕಾಗಿತ್ತು. ಉರಿದು ಕೆಟ್ಟ ಗಾಳಿಯನ್ನು ಪುದೀನದ ಒಂದು ಕಡ್ಡಿ ಮತ್ತೆ ಶುದ್ಧಗೊಳಿಸಬಲ್ಲುದೆಂದು ಇಂಗ್ಲೆಂಡಿನ ವಿಜ್ಞಾನಿ ಪ್ರೀಸ್ಟ್ಲಿ 1771ರಲ್ಲಿ ಕಂಡುಕೊಂಡನು. ಆ ಶಕ್ತಿ ಎಲೆಗೆ ಬರುವುದು ಬೆಳಕಿನ ದೆಸೆಯಿಂದಲೇ ಎಂಬುದನ್ನು ನೀರಿನಲ್ಲಿ ಮುಳುಗಿಸಿದ ಎಲೆಗಳಿಂದೇಳುವ ಗುಳ್ಳೆಗಳನ್ನು ನೋಡಿ ಡಚ್ ವೈದ್ಯ ಇಂಗನ್‌ಹೌಸ್ 1779ರಲ್ಲಿ ಸ್ಥಾಪಿಸಿದನು.

ಈ ಎರಡು ಸತ್ಯಗಳನ್ನು ಒಂದೇ ಪಾತ್ರೆಯಲ್ಲಿ ಕೂಡಿಸಿದವನು ಲಂಡನ್ನಿನ ರಸಾಯನಜ್ಞ ರಾಬರ್ಟ್ ವಾರಿಂಗ್ಟನ್. ಹನ್ನೆರಡು ಗ್ಯಾಲನ್ ಹಿಡಿಯುವ ಪಾತ್ರೆಯಲ್ಲಿ ಎರಡು ಚಿನ್ನದ ಮೀನುಗಳನ್ನು ಬಿಟ್ಟು, ಜೊತೆಗೆ ವ್ಯಾಲಿಸ್ನೇರಿಯಾ ಎಂಬ ನಾಡಾದಂಥ ಎಲೆಯ ನೀರುಹುಲ್ಲನ್ನು ನೆಟ್ಟು ಅವನು ಕಾದು ನೋಡಿದನು. ಮೊದಮೊದಲು ಕೊಳೆತ ಎಲೆಗಳಿಂದ ನೀರು ಕದಡಿತು. ಅವನು ಕೆಲವು ನೀರುಬಸವನಹುಳುಗಳನ್ನು ತಂದು ಬಿಟ್ಟನು. ಅವು ಕೊಳೆತುದನ್ನು ತಿಂದವು, ನೀರು ತಿಳಿಯಾಯಿತು, ಗಿಡ ಚಿಗುರಿತು. ಮೀನಿನ ಉಸಿರು ಗಿಡಕ್ಕೂ ಗಿಡದ ಉಸಿರು ಮೀನಿಗೂ ಸಲ್ಲುವ ಈ ಸಮತೋಲವನ್ನು ಅವನು 1850ರಲ್ಲಿ ವಿದ್ವಾಂಸರ ಮುಂದಿರಿಸಿದನು. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಬರೆದ ಗ್ರಂಥದಿಂದ ‘ಅಕ್ವೇರಿಯಂ’ ಎಂಬ ಹೆಸರು ಮನೆಮಾತಾಯಿತು. ಆ ಅಲೆ ಭಾರತದ ದಡಕ್ಕೆ ಬಂದು ತಗುಲಿದ್ದು 1909ರಲ್ಲಿ, ಮದರಾಸಿನ ಕಡಲ ತೀರದ ಮತ್ಸ್ಯಾಲಯದ ರೂಪದಲ್ಲಿ. ಮುಂಬಯಿಯ ತಾರಾಪೋರವಾಲಾ ಮತ್ಸ್ಯಾಲಯ 1951ರಲ್ಲಿಯೂ ಬೆಂಗಳೂರಿನ ಕಬ್ಬನ್ ಉದ್ಯಾನದ ಮತ್ಸ್ಯಾಲಯ 1983ರಲ್ಲಿಯೂ ಅದನ್ನು ಹಿಂಬಾಲಿಸಿದವು.

ನಮ್ಮ ದೇಶದಲ್ಲಿ ಜಲಸಸ್ಯಕ್ಕೆ ಗೌರವದ ಸ್ಥಾನ ದೊರಕಿದುದು ನಡುಮನೆಗಿಂತ ಮೊದಲು ಪ್ರಯೋಗಶಾಲೆಯಲ್ಲಿ. ಜಗದೀಶಚಂದ್ರ ಬೋಸರು 1924ರಲ್ಲಿ ಪ್ರಕಟಿಸಿದ ದ್ಯುತಿಸಂಶ್ಲೇಷಣೆಯ ಗ್ರಂಥಕ್ಕೆ ಆಧಾರವಾದ ಪ್ರಯೋಗಗಳಲ್ಲಿ ಹೈಡ್ರಿಲ್ಲಾ ಎಂಬ ಬಡಪಾಯಿ ಸಸ್ಯವೇ ಸಾಕ್ಷಿ ನುಡಿಯಿತು. ಬೀಕರಿನೊಳಗೆ ಅದೇ ಗಿಡದ ಮೇಲೆ ಆಲಿಕೆಯನ್ನು ಬೋರಲಿಟ್ಟು, ಆಲಿಕೆಯ ಬಾಲಕ್ಕೆ ಪ್ರನಾಳವನ್ನು ತೊಡಿಸಿ, ಏರುವ ಗುಳ್ಳೆಗಳನ್ನು ಎಣಿಸಿದ ನೆನಪು ನಮ್ಮ ಶಾಲೆಗಳಲ್ಲಿ ವಿಜ್ಞಾನ ಕಲಿತ ಅನೇಕರಿಗಿದ್ದೀತು. ಆ ನೀರಿಗೆ ಚಿಟಿಕೆ ಅಡಿಗೆಸೋಡ ಬೆರೆಸಿದರೆ ಗುಳ್ಳೆಗಳು ತ್ವರೆಗೊಳ್ಳುವುದನ್ನೂ ಉಪಾಧ್ಯಾಯರು ತೋರಿಸುವುದುಂಟು. ಮುಂದಿನ ಶತಮಾನಾರ್ಧದ ತೊಟ್ಟಿಯ ತೋಟಗಾರಿಕೆಯೆಲ್ಲವೂ ಆ ಚಿಟಿಕೆಯಲ್ಲಿ ಅಡಗಿತ್ತು. ಇಂಗಾಲಾಮ್ಲವಾಯು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಆದ್ದರಿಂದ ಮುಳುಗಿದ ಗಿಡಕ್ಕೆ ಬೆಳಕಿದ್ದೂ ಹಸಿವು ತಪ್ಪದು; ಸೋಡದ ಚಿಟಿಕೆ ನೀಗಿಸಿದುದು ಆ ಹಸಿವನ್ನೇ.

ಅಷ್ಟರಲ್ಲಿ ತೊಟ್ಟಿಯ ಕಟ್ಟಡವೇ ಬದಲಾಯಿತು. ಕಬ್ಬಿಣದ ಚೌಕಟ್ಟಿಗೆ ಪುಟ್ಟಿಯಿಂದ ಗಾಜನ್ನು ಕೂರಿಸಿದ, ಕೆಲವು ವರುಷಗಳಲ್ಲಿ ತುಕ್ಕು ಹಿಡಿದು ಸೋರುವ ತೊಟ್ಟಿಗಳ ಕಾಲ 1960ರ ದಶಕದಲ್ಲಿ ಸಿಲಿಕೋನ್ ಅಂಟು ಬಂದೊಡನೆ ಮುಗಿಯಿತು. ಗಾಳಿಯ ಪಂಪು, ಸೋಸುಯಂತ್ರ, ಟ್ಯೂಬುದೀಪ ಇವು ಒಂದೊಂದಾಗಿ ಬಂದು ಗಿಡದ ಉದ್ಯೋಗವನ್ನು ಕಸಿದುಕೊಂಡವು. ಗಾಳಿಯನ್ನು ಯಂತ್ರ ಊದುವುದಾದರೆ, ಕೊಳೆಯನ್ನು ಯಂತ್ರ ಹೀರುವುದಾದರೆ, ಗಿಡಕ್ಕೆ ಉಳಿಯುವುದು ಅಲಂಕಾರ ಮಾತ್ರ. ಅಲಂಕಾರಕ್ಕಾದರೆ ಪ್ಲಾಸ್ಟಿಕ್ ಸಾಲದೆ?

ಸಸ್ಯಪ್ರಿಯರು ಈ ಪ್ರಶ್ನೆಗೆ ಕೊಟ್ಟ ಉತ್ತರ ಭವ್ಯವಾಗಿತ್ತು, ಆದರೆ ದುಬಾರಿಯಾಗಿತ್ತು. ಡೆನ್ಮಾರ್ಕಿನಲ್ಲಿ 1970ರಲ್ಲಿ ಸ್ಥಾಪಿತವಾದ ಟ್ರೋಪಿಕಾ ಸಂಸ್ಥೆ ತೊಟ್ಟಿಯ ಗಿಡಗಳನ್ನೇ ಬೆಳೆಸುವ ಸಸ್ಯಕ್ಷೇತ್ರವಾಗಿ ಬೆಳೆಯಿತು. ಜಪಾನಿನ ಛಾಯಾಚಿತ್ರಗ್ರಾಹಕ ತಕಾಶಿ ಅಮಾನೊ 1982ರಲ್ಲಿ ತನ್ನ ಸಂಸ್ಥೆಯನ್ನು ಕಟ್ಟಿ, ಕಲ್ಲು, ಕೊರಡು, ಹಸುರು ಹಾಸುಗಳಿಂದ ನೀರೊಳಗೆ ಬೆಟ್ಟಬಯಲುಗಳನ್ನು ನಿರ್ಮಿಸಿ ತೋರಿಸಿದನು. ದಸರೆಗೆ ಹತ್ತಾರು ದಿನ ಮುಂಚೆ ತಟ್ಟೆಯಲ್ಲಿ ರಾಗಿ ಚೆಲ್ಲಿ, ಮೊಳೆತ ಪೈರಿನ ನಡುವೆ ಬೊಂಬೆಗಳ ‘ಪಾರ್ಕು’ ಕಟ್ಟುವ ಮೈಸೂರಿನ ಹೆಣ್ಣುಮಕ್ಕಳಿಗೆ ಈ ಕಲೆಯ ಮರ್ಮವನ್ನು ವಿವರಿಸಬೇಕಾಗಿಲ್ಲ. ಆದರೆ ರಾಗಿಯ ಪಾರ್ಕು ವಿಜಯದಶಮಿಯ ಆಚೆಗೆ ಬಾಳಬೇಕಾಗಿಲ್ಲ. ಅಮಾನೊವಿನ ತೋಟವಾದರೋ ಉಜ್ಜ್ವಲ ದೀಪ, ಇಂಗಾಲಾಮ್ಲದ ಸಿಲಿಂಡರು, ದ್ರವಗೊಬ್ಬರ, ವಾರವಾರವೂ ಕತ್ತರಿ ಇಷ್ಟನ್ನೂ ಬೇಡುತ್ತದೆ. 2015ರಲ್ಲಿ ಆತ ತೀರಿಕೊಂಡನು. ಆತನ ಚಿತ್ರಗಳು ಮಾತ್ರ, ಜೀವಂತ ತೊಟ್ಟಿಯೆಂದರೆ ಇಷ್ಟೆಲ್ಲ ಬೇಕು ಎಂಬ ಭಯವನ್ನೂ ತಮ್ಮ ಚೆಲುವಿನೊಡನೆ ಲೋಕಕ್ಕೆ ಹರಡಿದವು.

ಇದಕ್ಕೆ ಪ್ರತಿಯಾಗಿ ಎದ್ದ ಧ್ವನಿ ಅಮೆರಿಕದ ಡಯಾನಾ ವಾಲ್‌ಸ್ಟಡ್ ಅವರದು. 1999ರಲ್ಲಿ ಹೊರಬಂದ ಅವರ ಗ್ರಂಥ ವಾರಿಂಗ್ಟನ್ನನ ಪಾತ್ರೆಯನ್ನು ಹೊಸ ವಿಜ್ಞಾನದ ಬೆಳಕಿನಲ್ಲಿ ಮತ್ತೆ ನೋಡಿತು. ತಳಕ್ಕೆ ಅಂಗುಲದಷ್ಟು ಸಾಮಾನ್ಯ ಮಣ್ಣು, ಅದರ ಮೇಲೆ ತೆಳುವಾಗಿ ಸಣ್ಣ ಕಲ್ಲುಹರಳು, ಮಿತವಾದ ಬೆಳಕು, ಆರಂಭದಲ್ಲಿಯೇ ದಟ್ಟವಾಗಿ ಗಿಡ, ಮೀನು ಕೊಂಚ: ಇದು ಅವರ ಸೂತ್ರ. ಮಣ್ಣಿನ ಜೈವಾಂಶ ಕೊಳೆಯುತ್ತ ಬಿಡುವ ಇಂಗಾಲಾಮ್ಲವೇ ಸಿಲಿಂಡರಿನ ಕೆಲಸವನ್ನು ಮಾಡುತ್ತದೆ. ಮೀನಿನ ಮಲದಿಂದ ಹುಟ್ಟುವ ಅಮೋನಿಯವನ್ನು ಗಿಡಗಳು ನೇರವಾಗಿ ಉಣ್ಣುತ್ತವೆ. ಯಂತ್ರ ಕಸಿದುಕೊಂಡಿದ್ದ ಉದ್ಯೋಗ ಹೀಗೆ ಗಿಡಕ್ಕೆ ಮರಳಿತು.

ಹಾಗಾದರೆ ‘ಸುಲಭದ ಗಿಡ’ವೆಂಬುದರ ಲಕ್ಷಣವೇನು? ವಿಚಾರಿಸಿ ನೋಡಿದರೆ ಅಂಥವುಗಳಲ್ಲಿ ಎರಡು ಕುಲಗಳುಂಟು. ಮೊದಲನೆಯದು ದುಡಿಯುವ ಕುಲ: ವ್ಯಾಲಿಸ್ನೇರಿಯಾ, ಹೈಡ್ರಿಲ್ಲಾ ಮುಂತಾದವು. ನೀರಿನಲ್ಲಿ ಕರಗಿದ ಇಂಗಾಲಾಮ್ಲ ಸಾಲದಿದ್ದರೆ ಇವು ಬೈಕಾರ್ಬೊನೇಟಿನಿಂದಲೂ ಇಂಗಾಲವನ್ನು ಸೆಳೆದುಕೊಳ್ಳಬಲ್ಲವು. ಅದರಿಂದಲೇ ಕೊಳವೆಬಾವಿಯ ಗಡಸು ನೀರಿನಲ್ಲಿಯೂ ಹುಲುಸಾಗಿ ಬೆಳೆದು, ಪಾಚಿಗೆ ಉಣಿಸನ್ನು ಉಳಿಸದೆ ತಾವೇ ಹೀರುತ್ತವೆ. ಎರಡನೆಯದು ತಾಳುವ ಕುಲ: ಜಾವಾ ಫರ್ನ್, ಜಾವಾ ಮಾಸ್, ಪಶ್ಚಿಮ ಆಫ್ರಿಕದ ಅನುಬಿಯಾಸ್ ಇತ್ಯಾದಿ. ಇವು ಬೆಳೆಯುವುದೇ ಮೆಲ್ಲಗೆ. ಬೇಡಿಕೆ ಅಲ್ಪವಾದ್ದರಿಂದ ನೆರಳಿನಲ್ಲಿಯೂ ಬಾಳುತ್ತವೆ. ಜಾವಾ ಫರ್ನಿನ ಹಾಗೂ ಅನುಬಿಯಾಸಿನ ದಪ್ಪ ಗುಪ್ತಕಾಂಡವನ್ನು ಮರಳಿನಲ್ಲಿ ಹೂಳಿದರೆ ಕೊಳೆಯುವುದು. ಕೊರಡಿಗೋ ಕಲ್ಲಿಗೋ ದಾರದಿಂದ ಕಟ್ಟಿಬಿಟ್ಟರೆ ಬೇರು ತಾನಾಗಿ ಅಪ್ಪಿಕೊಳ್ಳುವುದು. ಜಾವಾ ಫರ್ನಿನ ಮುದಿ ಎಲೆಯ ಮೇಲೆ ಮರಿಗಿಡಗಳು ಮೂಡುವುದನ್ನು ರೋಗವೆಂದು ತಿಳಿದು ಕಿತ್ತೆಸೆಯುವವರೂ ಉಂಟು. ಸಿಂಹಳದ ಕ್ರಿಪ್ಟೊಕೊರೈನ್ ವೆಂಡ್ಟೈ ಸ್ಥಳ ಬದಲಾದರೆ ಎಲೆಗಳನ್ನೆಲ್ಲ ಕರಗಿಸಿ ಸತ್ತಂತೆ ನಟಿಸುತ್ತದೆ. ತಾಳ್ಮೆಯುಳ್ಳವರಿಗೆ ಕೆಲವು ವಾರಗಳಲ್ಲಿ ಬೇರಿನಿಂದ ಮತ್ತೆ ಚಿಗುರುತ್ತದೆ. ಅಂಗಡಿಯಿಂದ ತಂದ ಗಿಡ ಗಾಳಿಯಲ್ಲಿ ಬೆಳೆದುದಾದರೆ ಅದರ ಹಳೆಯ ಎಲೆ ಉದುರುವುದು ಸಹಜ. ನೀರಿಗೆ ಒಗ್ಗಿದ ಹೊಸ ಎಲೆಗಾಗಿ ಕಾಯತಕ್ಕದ್ದು.

ಇವುಗಳ ಬಂಧುಗಳಲ್ಲಿ ಹಲವು ನಮ್ಮ ನೆಲದವೇ ಎಂಬುದು ಗಮನಾರ್ಹ. ಪಶ್ಚಿಮಘಟ್ಟದ ತೊರೆಗಳಲ್ಲಿ ಕ್ರಿಪ್ಟೊಕೊರೈನ್ ರೆಟ್ರೊಸ್ಪೈರಾಲಿಸ್ ಹಾಗೂ ಲ್ಯಾಜಿನಾಂಡ್ರಾ ಬೆಳೆಯುತ್ತವೆ. ಲೋಕದ ತೊಟ್ಟಿಗಳನ್ನು ಕೆಂಪಿನಿಂದ ಅಲಂಕರಿಸುವ ರೊಟಾಲಾ ಮ್ಯಾಕ್ರಾಂಡ್ರಾ ದಕ್ಷಿಣ ಭಾರತದ ಸ್ವತ್ತು. ಕೆರೆಯಂಚಿನ ನೀರುಬ್ರಾಹ್ಮಿ ತೊಟ್ಟಿಯೊಳಗೂ ನೆಟ್ಟಗೆ ನಿಂತು ಬೆಳೆಯುತ್ತದೆ. ರಾಘವೇಂದ್ರ ರಾವ್ ಮತ್ತು ರಾಜಿ ಎಂಬ ಸಸ್ಯಶಾಸ್ತ್ರಜ್ಞರು ಮೈಸೂರು ಜಿಲ್ಲೆಯ ಸಸ್ಯಸಂಪತ್ತಿನ ಸಂಗ್ರಹ ಗ್ರಂಥವನ್ನು 1981ರಲ್ಲಿ ಪ್ರಕಟಿಸಿದರು. ಆದರೂ ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಒಪ್ಪುವಂತೆ, ನಮ್ಮ ತೊರೆಯ ಗಿಡವೇ ಕಡಲು ದಾಟಿ ಹೋಗಿ ವಿದೇಶೀ ಹೆಸರಿನ ಚೀಟಿ ಅಂಟಿಸಿಕೊಂಡು ಬಂದಾಗಲೇ ನಮಗೆ ಅದರ ಮೇಲೆ ಆದರ ಹುಟ್ಟುತ್ತದೆ.

ಮೈಸೂರಿನ ಹವೆ ಈ ಸಸ್ಯಗಳಿಗೆ ಅನುಕೂಲವಾದದ್ದು. ಇಲ್ಲಿ ನೀರನ್ನು ಕಾಯಿಸುವ ಯಂತ್ರ ಗಿಡಕ್ಕೆ ಬೇಕಾಗಿಲ್ಲ. ಕಾವೇರಿ, ಕಬಿನಿಗಳಿಂದ ನಲ್ಲಿಗೆ ಬರುವ ನೀರನ್ನು ಬಕೀಟಿನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುವುದು. ಕಿಟಕಿಯ ನೇರ ಬಿಸಿಲು ಬೀಳದೆಡೆಯಲ್ಲಿ ತೊಟ್ಟಿಯನ್ನಿಟ್ಟು, ದೀಪವನ್ನು ದಿನಕ್ಕೆ ಆರೇಳು ಗಂಟೆಗೆ ಮಿತಗೊಳಿಸಿ, ವಾರಕ್ಕೋ ಪಕ್ಷಕ್ಕೋ ಒಮ್ಮೆ ಕಾಲುಭಾಗ ನೀರನ್ನು ಬದಲಾಯಿಸಿದರೆ ಸಾಕು. ತಳದ ಮಣ್ಣಿಗೆ ಗೊಬ್ಬರ ಸೇರದ ಕೆಮ್ಮಣ್ಣಾದರೆ ಮೇಲು. ಹಸಿಗೊಬ್ಬರ ಸೇರಿದರೆ ಮೀನು ಉಳಿಯದು. ಚಿನ್ನದ ಮೀನು ಮೆತ್ತನೆಯ ಎಲೆಗಳನ್ನು ಮೇಯುವ ಜಾತಿ. ಅದನ್ನು ಸಾಕುವವರಿಗೆ ಅನುಬಿಯಾಸಿನ ತೊಗಲೆಲೆಯೇ ಗತಿ. ಹವ್ಯಾಸಿಯ ಸೋಲಿಗೆ ಬಹುಪಾಲು ಕಾರಣ ಆರೈಕೆಯ ಕೊರತೆಯಲ್ಲ, ಅತಿಶಯ: ಬೆಳಕು ಹೆಚ್ಚು, ಆಹಾರ ಹೆಚ್ಚು, ದಿನಕ್ಕೊಮ್ಮೆ ಗಿಡವನ್ನು ಕಿತ್ತು ನೆಡುವ ಕೈ ಹೆಚ್ಚು. ಸುಲಭವೆಂಬುದು ಗಿಡದ ಗುಣವಾಗಿರುವಷ್ಟೇ ಸಾಕುವವನ ಸಂಯಮವೂ ಹೌದು.

ಆದರೆ ಈ ಸುಲಭತೆಗೆ ಇನ್ನೊಂದು ಮುಖವುಂಟು. ಅದನ್ನು ಹೇಳದೆ ಸಮೀಕ್ಷೆ ಪೂರ್ಣವಾಗದು. ತೊಟ್ಟಿಯಲ್ಲಿ ಯಾವ ಗುಣಕ್ಕಾಗಿ ಗಿಡವನ್ನು ಮೆಚ್ಚುತ್ತೇವೋ ಆ ಗುಣವೇ ಕೆರೆಯಲ್ಲಿ ಅನರ್ಥಕ್ಕೆ ಮೂಲ. ಬೋಸರ ಹೈಡ್ರಿಲ್ಲಾ 1950ರ ದಶಕದಲ್ಲಿ ತೊಟ್ಟಿಗಿಡದ ವ್ಯಾಪಾರಿಗಳ ಮೂಲಕ ಫ್ಲಾರಿಡಾವನ್ನು ಸೇರಿ, ನಾಲೆಗೆ ಬಿದ್ದು, ಅಲ್ಲಿನ ಸರೋವರಗಳನ್ನು ಕಟ್ಟಿಹಾಕಿತು. ಅಂದಕ್ಕೆಂದು ಬಂಗಾಳಕ್ಕೆ ಬಂದ ದಕ್ಷಿಣ ಅಮೆರಿಕದ ನೀರುಗಿಡ ಇಂದು ನಮ್ಮ ಕೆರೆಗಳನ್ನು ಮುಸುಕುವ ಅಂತರಗಂಗೆ. ಬ್ರೆಜಿಲ್ ಮೂಲದ ಸಾಲ್ವೀನಿಯ ಎಂಬ ತೇಲುಗಿಡ ಬೆಂಗಳೂರಿನ ಒಂದು ನೈದಿಲೆಗೊಳವನ್ನು ಮುಚ್ಚಿದಾಗ, 1980ರ ದಶಕದಲ್ಲಿ ಅದರ ತವರಿನ ಸೊಂಡಿಲುಹುಳುವನ್ನೇ ತಂದು ಬಿಡಬೇಕಾಯಿತು. ವರುಷ ತುಂಬುವುದರೊಳಗಾಗಿ ಆ ಹುಳು ಕೊಳವನ್ನು ಬಿಡಿಸಿಕೊಟ್ಟಿತು. ವಾರಿಂಗ್ಟನ್ನನ ಪಾತ್ರೆಗೆ ಬಸವನಹುಳು ಬೇಕಾದಂತೆ ಇಲ್ಲಿಯೂ ತಿನ್ನುವ ಬಾಯೊಂದು ಬೇಕಾಯಿತೆಂಬುದನ್ನು ನೋಡಬೇಕು.

ಗಾಜಿನ ನಾಲ್ಕು ಗೋಡೆಗಳ ಒಳಗೆ ಆ ಬಾಯಿ ನಮ್ಮ ಕತ್ತರಿ. ತಿಂಗಳಿಗೊಮ್ಮೆ ಹಿಡಿ ತುಂಬ ಬಳ್ಳಿ ಹೆಚ್ಚಾಗಿ ಕೈಗೆ ಬಂದಾಗ, ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆ ಹತ್ತಿರದಲ್ಲಿಯೇ ಇದೆಯಲ್ಲ, ಜೀವವಿರುವುದನ್ನು ಅಲ್ಲಿ ಬಿಟ್ಟರೆ ಪುಣ್ಯವಲ್ಲವೆ ಎಂದು ಸಂಜೆಯ ತಿರುಗಾಟಕ್ಕೆ ಹೊರಟವರಿಗೆ ತೋರಬಹುದು. ಅದು ಪುಣ್ಯವಲ್ಲ. ಆ ಹಿಡಿ ಹಸುರು ಬಿಸಿಲಿನಲ್ಲಿ ಒಣಗಿ ಹಿತ್ತಲ ದಾಸವಾಳದ ಬುಡಕ್ಕೆ ಸೇರಲಿ.